ವಸಿಷ್ಠನ ಪಕ್ಕದ ಚುಕ್ಕೆ

ರಾಜಘಟ್ಟ, ದೊಡ್ಡಬಳ್ಳಾಪುರ ತಾಲ್ಲೂಕು
೨೫-೪-೧೯೪೩

ಸ್ವಸ್ತಿ ಸಮಸ್ತ ಭುವನಾಶ್ರಯ, ಶ್ರೀಮದ್ ರಾಜಘಟ್ಟ ಪುರವರಾಧೀಶ್ವರ, ಪರರ ಕಡಲೆಕಾಯಿ ಹೊಲಕ್ಕೆ ಪ್ರಳಯಭೈರವ, ಹುಣಸೆಮರಾರೋಹಣ ಧುರಂಧರ, ಮಿಡ್ಲ್‌ಸ್ಕೂಲಿನ ಕೊನೇ ಬೆಂಚಿನ ಚಕ್ರವರ್ತಿ, ಸದ್ಯಕ್ಕೆ ದೊರೆಗಳ ಪಟಾಲಮ್ಮಿನಲ್ಲಿ ಈರುಳ್ಳಿ ಹೆಚ್ಚುತ್ತಿರುವ ಶ್ರೀ ಶ್ರೀ ಶ್ರೀ ಸೊಣ್ಣಪ್ಪನವರ ದಿವ್ಯ ಪಾದಗಳಿಗೆ, ಅವರ ಸಕಲ ಅಪರಾಧಗಳಲ್ಲಿ ಅರ್ಧ ಪಾಲುದಾರನಾದ ಕೊಂಡಪ್ಪನು ಮಾಡುವ ಸಾಷ್ಟಾಂಗ ಬಿನ್ನಹ. ನಡುದಾರಿಯಲ್ಲಿ ಈ ಕಾಗದ ಒಡೆದು ಓದುವ ಸೆನ್ಸಾರ್ ಸಾಹೇಬರಿಗೂ ಒಂದು ನಮಸ್ಕಾರ. ಇದರಲ್ಲಿ ಜರ್ಮನಿಯವರಿಗೆ ಉಪಯೋಗಕ್ಕೆ ಬರುವಂಥದ್ದು ಏನೂ ಇಲ್ಲ. ನಮಗೂ ಇಲ್ಲ.

ನೀನು ಬೊಂಬಾಯಿ ಕಡೆಯಿಂದ ಹಾಕಿದ ಕಾರ್ಡು ಬಂತು. ನಿಮ್ಮವ್ವ ಪಿಳ್ಳಮ್ಮನವರಿಗೆ ಎರಡು ಸಲ ಓದಿ ಹೇಳಿದೆ. ಮೊದಲನೇ ಸಲ ಅತ್ತರು, ಎರಡನೇ ಸಲ ಬೈದರು. ಆ ಬೈಗುಳವನ್ನು ಇಲ್ಲಿ ಬರೆದರೆ ಸೆನ್ಸಾರ್ ಸಾಹೇಬರು ಮಸಿ ಬಳಿಯುತ್ತಾರೆ.

ಆಮೇಲೆ ನನ್ನ ಸರದಿ. ಲೇ, ವೈಶಾಖದಲ್ಲಿ ಮದುವೆ ಇಟ್ಟುಕೊಂಡವನು ಯುಗಾದಿಗೆ ಮೊದಲೇ ಸೈನ್ಯಕ್ಕೆ ಓಡಿಹೋದ ಕಥೆ ಯಾವ ಪುರಾಣದಲ್ಲಿದೆ? ಸೂಲಿಬೆಲೆಯ ಆದಿನಾರಾಯಣಪ್ಪನವರ ಮಗಳು ಗಂಗಲಕ್ಷ್ಮಿಯನ್ನು ನೋಡಿ ಬಂದ ದಿನ ನೀನು ದಾರಿಯುದ್ದಕ್ಕೂ ಎತ್ತಿನ ಜೊತೆ ಮಾತಾಡಿಕೊಂಡು ಬಂದೆ. ಈಗ ‘ನನಗೆ ಮದುವೆ ಬೇಡ, ಕಾಯಬೇಡಿ’ ಎಂದು ಒಂದು ಸಾಲು. ಕಾರಣ ಕೇಳಿದರೆ ಕಾರ್ಡಿನಲ್ಲಿ ಜಾಗ ಇರಲಿಲ್ಲವಂತೆ. ನಕ್ಷತ್ರದ ವಿಚಾರ ಕೇಳಲು ಮಾತ್ರ ಜಾಗ ಇತ್ತು.

ನೀನು ಓಡಿದ್ದನ್ನು ನಿಮ್ಮವ್ವ ಸೂಲಿಬೆಲೆಗೆ ಇನ್ನೂ ತಿಳಿಸಿಲ್ಲ. ಇವತ್ತು ಬರ್ತಾನೆ, ನಾಳೆ ಬರ್ತಾನೆ ಎಂದು ಕಾದರು. ಇನ್ನು ಕಾಯುವ ಹಾಗಿಲ್ಲ. ಬರುವ ವಾರ ವೀಳ್ಯದೆಲೆ ಹಿಡಿದುಕೊಂಡು ನಾನೇ ಹೋಗಿ, ಮದುವೆ ಮುಂದಕ್ಕೆ ಹಾಕಿ ಎಂದು ಆದಿನಾರಾಯಣಪ್ಪನವರ ಕಾಲು ಹಿಡಿಯಬೇಕಂತೆ. ನನ್ನ ಜನ್ಮದಲ್ಲಿ ಹಿಡಿದ ಮೊದಲ ಗಂಭೀರ ಕೆಲಸ ಇದು. ಕೆಡಿಸುವುದಿಲ್ಲ.

ಇರಲಿ. ಅಲ್ಲಿ ಕತ್ತಲಾದ ಮೇಲೆ ದೀಪ ಹಚ್ಚಬಾರದು, ಆಕಾಶ ಬಿಟ್ಟು ನೋಡಲು ಬೇರೇನೂ ಇಲ್ಲ ಎಂದೆಯಲ್ಲ, ಆದ್ದರಿಂದ ಶಿಷ್ಯನು ಕೈಕಾಲು ತೊಳೆದು ಕೂರತಕ್ಕದ್ದು. ಊಟವಾದ ಮೇಲೆ ಪಡುವಣಕ್ಕೆ ತಿರುಗು. ಒಂದೇ ಸಾಲಿನಲ್ಲಿ ಮೂರು ಚುಕ್ಕೆ, ನಮ್ಮಜ್ಜಿ ಕೂರಿಗೆ ಎನ್ನುತ್ತಿದ್ದಳಲ್ಲ, ಅದು ಮೃಗಶಿರದ ಬೇಟೆಗಾರನ ನಡುಪಟ್ಟಿ. ಆ ಸಾಲನ್ನೇ ಎಡಕ್ಕೆ ಎಳೆದುಕೊಂಡು ಹೋದರೆ ಕಣ್ಣು ಕೋರೈಸುವ ಲುಬ್ಧಕ, ಆಕಾಶಕ್ಕೆಲ್ಲ ಅವನೇ ಪಟೇಲ. ಬಲಕ್ಕೆ ಎಳೆದರೆ ಕೆಂಪು ಕಣ್ಣಿನ ರೋಹಿಣಿ. ಅವಳಿಗೂ ಆಚೆ ಕೃತ್ತಿಕೆ, ಈಗ ಸಂಜೆಗೇ ಮುಳುಗುತ್ತಿದೆ. ಆರು ಜನ ಹೆಂಗಸರು ಎಂದು ಶಾಸ್ತ್ರ. ನನ್ನ ಕಣ್ಣಿಗೆ ಯಾವಾಗಲೂ ಆರೂ ಜನ ಒಂದೇ ಕಂಬಳಿ ಹೊದ್ದು ಮಲಗಿದ ಹಾಗೆ ಕಾಣುತ್ತಾರೆ.

ಈಗ ಬಡಗಣಕ್ಕೆ ತಿರುಗು. ಮಂಚಕ್ಕೆ ನಾಲ್ಕು ಕಾಲು, ಬಾಲಕ್ಕೆ ಮೂರು ಚುಕ್ಕೆ, ಸಪ್ತರ್ಷಿ. ಬಾಲದಿಂದ ದೂರದ ಎರಡು ಕಾಲುಗಳನ್ನು ಜೋಡಿಸಿ ಗೆರೆ ಎಳೆದು, ಆ ಗೆರೆಯನ್ನು ಐದು ಪಾಲು ಮುಂದಕ್ಕೆ ಬೆಳೆಸಿದರೆ ಧ್ರುವ. ಕೈ ಚಾಚಿ ಮುಷ್ಟಿ ಹಿಡಿ, ನೆಲದಿಂದ ಒಂದು ಮುಷ್ಟಿ ಚಿಲ್ಲರೆ ಮೇಲೆ, ನಮ್ಮ ಕೆರೆ ಏರಿಯ ಹುಣಸೆಮರದ ನೆತ್ತಿ ಎತ್ತರಕ್ಕೆ ಇರುತ್ತಾನೆ. ಎಲ್ಲರೂ ತಿರುಗಿದರೂ ಅವನು ತಿರುಗುವುದಿಲ್ಲ. ಕೆಲವರಂತೆ ಓಡಿಹೋಗುವುದೂ ಇಲ್ಲ.

ಇಂತು ಬಿನ್ನಹ,
ಕೊಂಡಪ್ಪ

*

ಎಲ್ಲಿ ಎಂದು ಬರೆಯುವ ಹಾಗಿಲ್ಲ
೨-೬-೧೯೪೩

ಪ್ರೀತಿಯ ಕೊಂಡನಿಗೆ,

ನಿನ್ನ ಕಾಗದ ನನ್ನನ್ನು ಹುಡುಕಿಕೊಂಡು ಹಡಗು ಹತ್ತಿ ಬಂತು. ಬಿರುದುಗಳನ್ನೆಲ್ಲ ಓದಿ ನಕ್ಕೆ. ತುಂಬ ದಿನವಾಗಿತ್ತು.

ಇಲ್ಲಿ ಮರಳು. ಅನ್ನದಲ್ಲಿ ಮರಳು, ಕಿವಿಯಲ್ಲಿ ಮರಳು. ನನಗೆ ಅಡುಗೆಮನೆ ಕೆಲಸ. ಸೇರುವಾಗ ಕೈ ಎರಡು, ಕಾಲು ಎರಡು ಎಂದು ಎಣಿಸಿದರು, ಬೇರೇನೂ ನೋಡಲಿಲ್ಲ.

ನೀನು ಹೇಳಿದ ಹಾಗೆ ಒಂದು ಮುಷ್ಟಿ ಎತ್ತರದಲ್ಲಿ ಧ್ರುವನನ್ನು ಹುಡುಕಿದೆ. ಇರಲಿಲ್ಲ. ಮಾರನೇ ದಿನವೂ ಇರಲಿಲ್ಲ. ಅವನೂ ನನ್ನನ್ನು ಬಿಟ್ಟ ಎಂದುಕೊಂಡೆ. ಮನಸ್ಸಿಗೆ ಏನೇನೋ ಬಂತು. ಕೊನೆಗೆ ನಮ್ಮ ಹವಾಲ್ದಾರ, ಮರಾಠರವನು, ನನ್ನ ಗಲ್ಲ ಹಿಡಿದು ಮೇಲಕ್ಕೆ ಎತ್ತಿದ. ಇಲ್ಲಿ ಧ್ರುವ ಮೂರು ಮುಷ್ಟಿ ಮೇಲಿದ್ದಾನೆ. ಯಾಕೆ ಹೀಗೆ?

ಇನ್ನೊಂದು. ಬಾಲದ ನಡುವಿನ ಚುಕ್ಕೆ ವಸಿಷ್ಠ, ಅವನ ಪಕ್ಕ ಅರುಂಧತಿ ಎಂದು ಶಿವರಾತ್ರಿ ದಿನ ಏರಿಯ ಮೇಲೆ ಹೇಳಿದ್ದೆಯಲ್ಲ, ಅವಳ ಗುರುತು ಸರಿಯಾಗಿ ಬರೆ. ಎಡಕ್ಕಾ, ಬಲಕ್ಕಾ, ಮೇಲಕ್ಕಾ? ಎಷ್ಟು ದೂರ? ಎಷ್ಟು ಹೊತ್ತಿಗೆ ನೋಡಿದರೆ ಚೆನ್ನಾಗಿ ಕಾಣುತ್ತೆ? ಮರೆಯಬೇಡ.

ಸೂಲಿಬೆಲೆಗೆ ಹೋಗಿದ್ದೆಯಾ? ಅವರು ಬಹಳ ನೊಂದುಕೊಂಡರಾ?

ನಿನ್ನ
ಸೊಣ್ಣಪ್ಪ

*

ರಾಜಘಟ್ಟ
೨೦-೭-೧೯೪೩

ಶ್ರೀಮಾನ್ ಸೊಣ್ಣಪ್ಪನವರಿಗೆ,

ಈ ಸಲ ಬಿರುದು ಕಡಿಮೆ. ಮಸಿ ತುಟ್ಟಿಯಾಗಿದೆ.

ನಿನ್ನ ಪ್ರಶ್ನೆಗೆ ಉತ್ತರ. ಬಡಗಲಿಗೆ ಹೋದಷ್ಟೂ ಧ್ರುವ ಮೇಲಕ್ಕೆ ಏರುತ್ತಾನೆ, ತೆಂಕಲಿಗೆ ಬಂದಷ್ಟೂ ಇಳಿಯುತ್ತಾನೆ. ನಾನು ಹೇಳಿದ ಒಂದು ಮುಷ್ಟಿ ನಮ್ಮ ಕೆರೆ ಏರಿಯ ಲೆಕ್ಕ. ನಮ್ಮೂರಿನ ಲೆಕ್ಕ ಲೋಕಕ್ಕೆಲ್ಲ ನಡೆಯುತ್ತದೆ ಎಂದುಕೊಂಡದ್ದು ಗುರುಗಳ ತಪ್ಪು. ಅಂದರೆ ನೀನು ನಮಗಿಂತ ಬಹಳ ಬಡಗಲಿಗೆ ಇದ್ದೀಯ. ಸೆನ್ಸಾರ್ ಸಾಹೇಬರು ಊರಿನ ಹೆಸರು ಅಳಿಸಬಹುದು, ಧ್ರುವನನ್ನು ಅಳಿಸಲಾರರು.

ಈಗ ತೆಂಕಣಕ್ಕೆ ನೋಡಿದರೆ ಚೇಳು. ಕೊಂಡಿ ಎತ್ತಿಕೊಂಡು ಅರ್ಧ ಆಕಾಶ ಹಿಡಿದಿದೆ. ಎದೆಯಲ್ಲಿ ಕೆಂಪಗಿರುವುದು ಜ್ಯೇಷ್ಠಾ, ಅದಕ್ಕೂ ಮುಂದೆ ತಲೆ ಕಡೆಗೆ ಅನುರಾಧಾ, ಕೊಂಡಿಯ ತುದಿ ಮೂಲಾ. ಕಾಣುವ ಮೊದಲೇ ಹೆಸರು ಇಟ್ಟರೋ, ಕಂಡ ಮೇಲೆ ಇಟ್ಟರೋ, ಇದೊಂದು ಮಾತ್ರ ಹೆಸರಿಗೆ ತಕ್ಕ ಹಾಗಿದೆ. ನಿನಗೆ ಇದು ನೆಲಕ್ಕೆ ಹತ್ತಿರ ಹರಿಯುತ್ತಿರಬೇಕು. ನೋಡಿ ಬರೆ.

ಅರುಂಧತಿ ವಸಿಷ್ಠನಿಗೆ ಅಂಟಿಕೊಂಡೇ ಇದ್ದಾಳೆ. ಎಡ ಬಲ ಎಂದರೆ ಅವರು ತಿರುಗಿದ ಹಾಗೆ ಅದೂ ತಿರುಗುತ್ತದೆ. ಸಾಸಿವೆ ಕಾಳಿನಷ್ಟು. ಮಬ್ಬಿಲ್ಲದ ದಿನ, ಚಂದ್ರ ಇಲ್ಲದಾಗ ನೋಡು. ಮದುವೆ ಬಿಟ್ಟು ಓಡಿದವನಿಗೆ ಮದುವೆಯಲ್ಲಿ ತೋರಿಸುವ ಚುಕ್ಕೆಯ ಮೇಲೇ ಯಾಕೆ ಕಣ್ಣು ಎಂದು ಕೇಳುವುದಿಲ್ಲ.

ಸೂಲಿಬೆಲೆಗೆ ಹೋಗಿ ಬಂದೆ. ಆದಿನಾರಾಯಣಪ್ಪನವರು ಈಗ ಸಿಟ್ಟಾಗಿಲ್ಲ. ಗಂಗಲಕ್ಷ್ಮಿ ಚೆನ್ನಾಗಿದ್ದಾಳೆ. ಸಾರಿಗೆ ಹುಳಿ ಸ್ವಲ್ಪ ಜಾಸ್ತಿ ಹಾಕುತ್ತಾಳೆ. ನಿಮ್ಮವ್ವನ ಮಂಡಿನೋವಿಗೆ ಎಣ್ಣೆ ಕಾಯಿಸಿ ಕೊಡುತ್ತಾಳೆ.

ನಿಮ್ಮವ್ವ ಪಕ್ಕದಲ್ಲೇ ಕೂತಿದ್ದಾರೆ. ‘ಎಲ್ಲಾ ಬರ್ದ್ಯೇನಪ್ಪಾ?’ ಎಂದು ಕೇಳಿದರು. ‘ಎಲ್ಲಾ ಬರ್ದೆ’ ಎಂದೆ.

ಕೊಂಡಪ್ಪ

*

ಅದೇ ಮರಳು
೨೫-೮-೧೯೪೩

ಪ್ರೀತಿಯ ಕೊಂಡನಿಗೆ,

ಚೇಳು ಕಂಡಿತು. ನೀನು ಹೇಳಿದ ಹಾಗೆ ನೆಲದ ಹತ್ತಿರವೇ ಇದೆ. ವಸಿಷ್ಠನ ಪಕ್ಕದವಳು ಕಾಣಲಿಲ್ಲ. ಇನ್ನು ಹುಡುಕುವುದಿಲ್ಲ.

ಸಾರಿಗೆ ಹುಳಿ ಜಾಸ್ತಿ ಎಂದು ನಿನಗೆ ಹೇಗೆ ಗೊತ್ತಾಯಿತೋ? ತಾಂಬೂಲ ಕೊಟ್ಟು ಕ್ಷಮೆ ಕೇಳಿ ಬಾ ಎಂದು ಕಳಿಸಿದರೆ ಊಟಕ್ಕೇ ಕೂತುಬಿಟ್ಟೆಯಾ? ಹೊಟ್ಟೆಬಾಕ. ಅವಳು ಅಷ್ಟು ದೂರದಿಂದ ಬಂದು ಅವ್ವನ ಮಂಡಿಗೆ ಎಣ್ಣೆ ಕಾಯಿಸುತ್ತಾಳೆ ಎಂದು ಓದಿ ಆ ದಿನ ನನಗೆ ಊಟ ಇಳಿಯಲಿಲ್ಲ. ಅಂಥವಳು ನನಗಾಗಿ ಕಾಯಬಾರದು. ಅವಳಿಗೆ ಬೇರೆ ಒಳ್ಳೆ ಕಡೆ ಗಂಡು ನೋಡಲಿ ಎಂದು ಆದಿನಾರಾಯಣಪ್ಪನವರಿಗೆ ಗಟ್ಟಿಯಾಗಿ ಹೇಳು. ಬೇಗ ಹೇಳು.

ನನ್ನ ಕರೀ ಕಂಬಳಿ ನೀನು ಹೊದ್ದುಕೋ. ಮೋಟುಕೊಂಬಿನ ಎತ್ತಿಗೆ ಬಲಗಡೆಯೇ ನೊಗ ಕಟ್ಟಬೇಕು, ಎಡಕ್ಕೆ ಕಟ್ಟಿದರೆ ಹಟ ಮಾಡುತ್ತದೆ. ಅವ್ವನಿಗೆ ಈ ಗಣೇಶನ ಹಬ್ಬಕ್ಕೆ ಒಂದು ಸೀರೆ ನನ್ನ ಹೆಸರಲ್ಲಿ ತೆಗೆದುಕೊಡು. ನಿನ್ನ ಮೇಲೆ ನನಗೆ ಯಾವತ್ತೂ ಕೋಪ ಬಂದಿಲ್ಲ ಕಣೋ. ಇದನ್ನು ಬರೆದಿಡಬೇಕು ಎನಿಸಿತು.

ಸೊಣ್ಣಪ್ಪ

*

ರಾಜಘಟ್ಟ
೩೦-೯-೧೯೪೩

ಸ್ವಸ್ತಿ ಶ್ರೀ ವೈರಾಗ್ಯಚಕ್ರವರ್ತಿ, ಕಂಬಳಿತ್ಯಾಗಿ, ವೃಷಭದಾನಶೂರ, ಮರಳುಗಾಡಿನ ಮಹರ್ಷಿ ಸೊಣ್ಣಪ್ಪಾನಂದ ಸ್ವಾಮಿಗಳವರಿಗೆ ಶಿರಬಾಗಿ ನಮಿಸಿ,

ನಿನ್ನ ಕಾಗದ ಓದಿ ಎದೆ ಮೇಲಿನ ಬೀಸುಕಲ್ಲು ಇಳಿಯಿತು. ಎಷ್ಟು ದಿನದಿಂದ ಒಂದು ಮಾತು ಹೇಳಲು ಬಾಯಿ ಬಾರದೆ ಒದ್ದಾಡುತ್ತಿದ್ದೆ. ಆ ಹುಡುಗಿಯ ಮೇಲೆ ನಿನಗೆ ಮನಸ್ಸಿಲ್ಲ ಎಂದು ನಿನ್ನ ಕೈಯಿಂದಲೇ ಬಂದಮೇಲೆ ಇನ್ನೇನು. ನೀನು ಹೇಳಿದ ಹಾಗೆಯೇ ಆಗಿದೆ ಎಂದುಕೋ. ವಿವರ ಮುಂದೆ ಬರೆಯುತ್ತೇನೆ. ಬರೆಯುವಂಥದ್ದು ಹೆಚ್ಚೇನಿಲ್ಲ.

ಕಂಬಳಿ ಹೊದ್ದೆ. ನಿನ್ನ ಬೆವರಿನ ವಾಸನೆ ಇನ್ನೂ ಇದೆ. ಎತ್ತಿಗೆ ಬಲಗಡೆಯೇ ನೊಗ. ಕಾಗದ ಬರುವಷ್ಟರಲ್ಲಿ ಹಬ್ಬ ಕಳೆದಿತ್ತು, ಆದರೂ ನಿಮ್ಮವ್ವನಿಗೆ ಇಳಕಲ್ ಸೀರೆ ತಂದುಕೊಟ್ಟೆ. ‘ಅವನ್ಯಾಕೆ ಹಿಂಗೆ ಬರ್ದವ್ನೆ, ಸಾಯೋರು ಬರ್ದಂಗೆ?’ ಎಂದರು. ‘ಪಟಾಲಮ್ಮಿಗೆ ಹೋದವರೆಲ್ಲ ಹಂಗೇ ಬರೀತಾರೆ, ಗತ್ತು’ ಎಂದು ನಗಿಸಿದೆ.

ಸಪ್ತರ್ಷಿಗಳು ಈಗ ಸಂಜೆ ಹೊತ್ತಿಗೆ ಮುಳುಗಿದ್ದಾರೆ. ನೆತ್ತಿಯ ಮೇಲೆ ಹಂಸ ಹಾರುತ್ತಿದೆ, ನೋಡು.

ಕೊಂಡಪ್ಪ

*

೨೮-೧೦-೧೯೪೩

ಲೇ ಕೊಂಡ,

ಅರುಂಧತಿ ಕಂಡಳು.

ಕೂತ್ಕೊಂಡು ಓದು. ಹೋದ ವಾರ ಬಿಡಾರದ ಮುಂದೆ ಹಗ್ಗದ ಮೇಲೆ ಹರವಿದ್ದ ಸಾಹೇಬರ ಕೋಟಿಗೆ ಅಟೆನ್ಷನ್ ನಿಂತು ಸಲಾಮು ಹೊಡೆದೆ. ಪಕ್ಕದಲ್ಲೇ ಬನಿಯನ್ನಿನಲ್ಲಿ ನಿಂತಿದ್ದ ಸಾಹೇಬರಿಗೆ ಹೊಡೆಯಲಿಲ್ಲ. ಹವಾಲ್ದಾರ ನನ್ನನ್ನು ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಲ್ಲಿಸಿದ. ಗೋಡೆಯ ಮೇಲೆ ಅಕ್ಷರ ಇದೆಯಂತೆ. ನನಗೆ ಗೋಡೆ ಕಂಡಿತು. ಕನ್ನಡಕ ಕೊಟ್ಟರು. ಹಾಕಿಕೊಂಡು ಹೊರಗೆ ಬಂದರೆ ಹವಾಲ್ದಾರನ ಮುಖದ ತುಂಬ ಸಿಡುಬಿನ ಕಲೆ. ನನಗೆ ಗೊತ್ತೇ ಇರಲಿಲ್ಲ.

ಮಾರನೇ ದಿನ ಬೆಳಗಿನ ಜಾವ ಒಲೆ ಹಚ್ಚಲು ಎದ್ದೆ. ಈಶಾನ್ಯದಲ್ಲಿ ಸಪ್ತರ್ಷಿಗಳು ಬಾಲ ಕೆಳಗೆ ಮಾಡಿಕೊಂಡು ನಿಂತಿದ್ದರು. ವಸಿಷ್ಠ, ಅವನ ಪಕ್ಕ ಅವಳು. ಎಷ್ಟು ಸಲೀಸಾಗಿ ಕಂಡಳು ಗೊತ್ತಾ? ಕೈಲಿದ್ದ ಸೌದೆ ಕೆಳಗೆ ಬಿತ್ತು.

ಈಗ ಹೇಳುತ್ತೇನೆ. ಶಿವರಾತ್ರಿ ಜಾಗರಣೆ ದಿನ ಕೆರೆ ಏರಿ ಮೇಲೆ ಅರುಂಧತಿ ತೋರಿಸಿದೆಯಲ್ಲ. ನೀನು ‘ಅದೋ ಕಾಣ್ತಲ್ಲ’ ಎಂದೆ. ನನಗೆ ಕಾಣಲಿಲ್ಲ. ಆಗ ನೀನು ಪುರೋಹಿತರ ದನಿ ತೆಗೆದು, ‘ಅರುಂಧತಿಯನ್ನು ಕಾಣದವನಿಗೆ ಆಯಸ್ಸು ಆರೇ ತಿಂಗಳು, ಶಾಸ್ತ್ರ ಹೇಳಿದೆ, ಶಿವಾ ಶಿವಾ’ ಎಂದು ನನ್ನ ತಲೆ ಮೇಲೆ ಅಕ್ಷತೆ ಹಾಕಿದ ಹಾಗೆ ಮಣ್ಣು ಉದುರಿಸಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಮ್ಮಪ್ಪನೂ ಸಾಯುವ ವರ್ಷ ಅದನ್ನೇ ಹೇಳಿದ್ದ ಕಣೋ, ಅರುಂಧತಿ ಕಾಣ್ತಿಲ್ಲ ಅಂತ. ಅದು ನಿನಗೆ ಗೊತ್ತಿರಲಿಲ್ಲ.

ಮಾರನೇ ದಿನದಿಂದ ದಿನಾ ನೋಡಿದೆ. ಕಾಣಲಿಲ್ಲ. ವೈಶಾಖದಲ್ಲಿ ತಾಳಿ ಕಟ್ಟಿ ಭಾದ್ರಪದಕ್ಕೆ ಆ ಹುಡುಗಿಯ ಬಳೆ ಒಡೆಸಬೇಕಾ? ಅದಕ್ಕೆ ಓಡಿದೆ. ಸಾಯುವವನು ಸಂಬಳಕ್ಕಾದರೂ ಸತ್ತರೆ ಅವ್ವನಿಗೆ ನಾಲ್ಕು ಕಾಸು ಬರುತ್ತೆ ಎಂದು.

ಗಣೇಶನ ಹಬ್ಬ ಕಳೆಯಿತು, ಸಾಯಲಿಲ್ಲ. ಕಣ್ಣು ಮಂಜಾಗಿತ್ತು, ಅಷ್ಟೇ. ನೀನು ನಗು. ನಾನೂ ಇಲ್ಲಿ ಒಬ್ಬನೇ ನಗುತ್ತಿದ್ದೇನೆ.

ಬರುವ ಬೇಸಿಗೆಗೆ ರಜೆ ಕೇಳಿದ್ದೇನೆ. ಇವತ್ತೇ ಸೂಲಿಬೆಲೆಗೆ ಹೋಗು. ಹಿಂದೆ ಬರೆದದ್ದನ್ನು ಹೇಳಿದ್ದರೆ, ಹೇಳಿಲ್ಲ ಎನ್ನು. ಗಂಗಲಕ್ಷ್ಮಿ ಇನ್ನೊಂದು ವೈಶಾಖ ಕಾಯಲಿ.

ಸೊಣ್ಣ

*

೧೨-೧-೧೯೪೪

ಕೊಂಡ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಕಾರ್ಡಿಲ್ಲ. ಹಿಂದಿನ ನಿನ್ನ ಕಾಗದ ತಡವಾಗಿ ಬಂತು. ‘ನೀನು ಹೇಳಿದ ಹಾಗೆಯೇ ಆಗಿದೆ’ ಎಂದು ಬರೆದಿದ್ದೀಯ. ಏನಾಗಿದೆ? ಬೇರೆ ಕಡೆ ಮಾತು ನಡೆದಿದೆಯಾ? ಮಾತು ತಾನೇ, ಮುರಿಯಬಹುದು. ನೀನು ಮಾತು ಬಲ್ಲವನು, ನಿನ್ನಿಂದ ಆಗುತ್ತೆ.

ನೀನು ಬೇಜಾರಾಗಿದ್ದೀಯ ಎಂದುಕೊಂಡೆ. ನಿನ್ನ ತಮಾಷೆಯಿಂದ ಹೀಗಾಯಿತೆಂದು ನಾನು ಬೈದ ಹಾಗೆ ಓದಿಕೊಂಡೆಯಾ? ಬೈದಿಲ್ಲ ಕಣೋ. ನೀನು ಅವತ್ತು ಹೇಳದಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ, ಕನ್ನಡಕವೂ ಬರುತ್ತಿರಲಿಲ್ಲ. ಅವಳನ್ನು ಮದುವೆಯಾಗಿ ಜನ್ಮವೆಲ್ಲ ಮಂಜಾಗಿ ನೋಡುತ್ತಿದ್ದೆ.

ಈಗ ಕೃತ್ತಿಕೆಯಲ್ಲಿ ಆರು ಜನ ಬೇರೆ ಬೇರೆ ಕಾಣುತ್ತಾರೆ. ಕಂಬಳಿ ಇಲ್ಲ. ನೀನು ಒಂದು ಸಲ ಸರಿಯಾಗಿ ನೋಡು.

ಬರೆ.

ಸೊಣ್ಣ

*

ರಾಜಘಟ್ಟ
ಶಿವರಾತ್ರಿ ಕಳೆದ ಮಾರನೇ ದಿನ, ೧೯೪೪

ಸೊಣ್ಣ,

ಬಿರುದು ಹುಡುಕಿದೆ, ಸಿಗಲಿಲ್ಲ.

ಗಂಗಲಕ್ಷ್ಮಿ ನನ್ನ ಮನೆಯಲ್ಲಿದ್ದಾಳೆ. ಹೋದ ವೈಶಾಖದಿಂದ. ಆ ಎಣ್ಣೆ, ಆ ಸಾರು, ಎಲ್ಲ ನಮ್ಮ ಒಲೆಯದು.

ವೀಳ್ಯದೆಲೆ ಹಿಡಿದುಕೊಂಡು ಸೂಲಿಬೆಲೆಗೆ ಹೋದೆನಲ್ಲ, ಅಷ್ಟು ಹೊತ್ತಿಗೆ ಚಪ್ಪರಕ್ಕೆ ಹಾಲುಗಂಬ ನೆಟ್ಟು, ಅರಿಸಿನ ಹಚ್ಚಿ, ಹಾಲು ಎರೆದಾಗಿತ್ತು. ನೀನಿಲ್ಲ ಎಂದೆ. ಅಂಗಳದಲ್ಲಿದ್ದ ಹೆಂಗಸರು ಹಾಡು ನಿಲ್ಲಿಸಿದರು. ಆದಿನಾರಾಯಣಪ್ಪನವರು ಆ ಕಂಬ ಹಿಡಿದುಕೊಂಡರು. ಆಮೇಲೆ ಕೇಳಿದರು.

‘ನೆಟ್ಟ ಹಾಲುಗಂಬ ಹಂಗೇ ಕಿತ್ರೆ ಹೆಣ್ಣಿಗೆ ಆಗಿಬರಲ್ಲ ಕಣಪ್ಪ. ನಿಂಗೆ ಮದುವೆ ಆಗೈತಾ?’

‘ಇಲ್ಲ’ ಎಂದೆ.

ಅಷ್ಟೇ ಕಣೋ ನಾನು ಆಡಿದ ಮಾತು. ಜನ್ಮದಲ್ಲಿ ಒಂದು ಸಲ ಕೇಳಿದ್ದಕ್ಕೆ ನೇರವಾಗಿ ನಿಜ ಹೇಳಿದೆ, ಹೀಗಾಯಿತು. ಆಮೇಲೆ ಬೇಡ ಎನ್ನಬಹುದಿತ್ತು. ಮದುವೆಗೆ ಇನ್ನೂ ನಾಲ್ಕು ದಿನ ಇತ್ತು. ಊರಿಗೆಲ್ಲ ಮಾತು ಕಟ್ಟುವ ಬಾಯಿ ಆ ನಾಲ್ಕು ದಿನ ಹೋಳಿಗೆ ತಿನ್ನುತ್ತಿತ್ತು. ನಿನಗೆ ಮನಸ್ಸಿಲ್ಲದೆ ಓಡಿದ್ದೀಯ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಬೇರೆ ಗಂಡು ನೋಡಲಿ ಎಂದು ಬರೆದಾಗ ಗೆದ್ದೆ ಎಂದುಕೊಂಡೆ. ಆಮೇಲೆ ನಿನ್ನ ಕನ್ನಡಕದ ಕಾಗದ ಬಂತು.

ಅದನ್ನು ನಿಮ್ಮವ್ವನಿಗೆ ಅರ್ಧ ಮಾತ್ರ ಓದಿದೆ. ಗಂಗಲಕ್ಷ್ಮಿಗೆ ಪೂರ್ತಿ ಓದಿದೆ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ‘ಅವರಿಗೆ ಬರೀರಿ. ನಾನು ಹೇಳಿದೆ ಅಂತಾನೇ ಬರೀರಿ, ಕಾಯಿಸಬಾರದು’ ಎಂದಳು. ಮತ್ತೆ ಮೊರ ತೆಗೆದುಕೊಂಡಳು. ಅಷ್ಟು ಸುಲಭದ ಕೆಲಸಕ್ಕೆ ನನಗೆ ಮೂರು ತಿಂಗಳು ಬೇಕಾಯಿತು.

ನೀನು ಬಾ. ಮನೆಗೆ ಬರಬೇಡ ಎಂದು ನೀನೇ ಅಂದುಕೊಳ್ಳಬೇಡ. ಎತ್ತು ನಿನ್ನದೇ. ಕಂಬಳಿ ಒಗೆದಿಟ್ಟಿದ್ದೇನೆ, ವಾಸನೆ ಹೋಗಿದೆ, ಅದಕ್ಕೂ ಬೇಜಾರಾಯಿತು. ನಿನ್ನ ಬಯ್ಗುಳ ಬಾಕಿ ಇದೆ, ಎದುರಿಗೆ ನಿಂತು ಬೈದು ಹೋಗು. ಯಾವತ್ತೂ ಕೋಪ ಬಂದಿಲ್ಲ ಎಂದು ಬರೆದ ಆ ಸಾಲನ್ನು ಹೊಡೆದುಹಾಕು.

ನಿನ್ನೆ ಜಾಗರಣೆಗೆ ಎಲ್ಲರೂ ಏರಿಯ ಮೇಲೆ ಕೂತಿದ್ದೆವು. ಸಪ್ತರ್ಷಿಗಳು ಹುಣಸೆಮರದ ಬಲಗಡೆಯಿಂದ ಮೇಲೆ ಬಂದರು. ಗಂಗಲಕ್ಷ್ಮಿ ಕೈ ತೋರಿಸಿ, ‘ಅದೋ, ವಸಿಷ್ಠನ ಪಕ್ಕದಲ್ಲೇ ಅವ್ಳೆ. ಮದುವೆ ದಿನ ನಡುಮಧ್ಯಾಹ್ನದಲ್ಲಿ ಪುರೋಹಿತರು ಕೇಳಿದ್ರೆ ಕಾಣ್ತು ಅಂದ್ರಲ್ಲ, ಈಗ ಕಾಣ್ತಾಳಾ?’ ಎಂದು ಕೇಳಿದಳು.

‘ಕಾಣ್ತಾಳೆ’ ಎಂದೆ.

ಸೊಣ್ಣ, ನನಗೆ ಕಾಣಲಿಲ್ಲ. ಹೋದ ವರ್ಷ ನಿನ್ನ ಪಕ್ಕ ಕೂತಿದ್ದಾಗಲೂ ಕಂಡಿರಲಿಲ್ಲ. ಶಾಸ್ತ್ರ ನೆನಪಾಗಿ ಹೆದರಿಕೆಯಾಗಿತ್ತು, ಅದಕ್ಕೇ ನಿನಗಿಂತ ಮೊದಲು ಕಾಣ್ತು ಅಂದುಬಿಟ್ಟೆ.

ಕೊಂಡ